ಹುಲ್ಲೂ ಕಾಳೂ: ದನದ ಹೊಟ್ಟೆಯಲ್ಲಿ ಹುದುಗುವಿಕೆ

ಸುಗ್ಗಿಯ ಕಾಲದಲ್ಲಿ ಹಗ್ಗ ಬಿಚ್ಚಿಕೊಂಡ ಹಸುವೊಂದು ಕಣಕ್ಕೆ ನುಗ್ಗಿ, ರಾಶಿಯ ಜೋಳವನ್ನು ಹೊಟ್ಟೆ ಬಿರಿಯುವಂತೆ ತಿಂದರೆ, ಒಂದೆರಡು ದಿನಗಳಲ್ಲಿ ಅದು ನೆಲ ಹಿಡಿದು ಸಾಯುವ ಸಂಭವವುಂಟು. ಮದುವೆಯ ಮನೆಯಲ್ಲಿ ಮಿಕ್ಕ ಅನ್ನವನ್ನು ಪುಣ್ಯವೆಂದು ಬಕೆಟ್ಟುಗಟ್ಟಲೆ ಸುರಿದಾಗಲೂ ಹೀಗಾಗಬಹುದು. 2024ರಲ್ಲಿ ಕೇರಳದ ಕೊಲ್ಲಂ ಜಿಲ್ಲೆಯಲ್ಲಿ ಪರೋಟವನ್ನೂ ಹಲಸಿನ ಹಣ್ಣನ್ನೂ ಮಿತಿಮೀರಿ ತಿಂದ ಐದು ಹಸುಗಳು ಸತ್ತವು. ಜೋಳವಾಗಲಿ ಅನ್ನವಾಗಲಿ ವಿಷವಲ್ಲ. ಒಣಹುಲ್ಲಿಗಿಂತ ಹೆಚ್ಚು ಪುಷ್ಟಿಕರವೇ ಸರಿ. ಹಾಗಿದ್ದರೂ ಹುಲ್ಲಿನಿಂದ ಬದುಕುವ ಪ್ರಾಣಿ ಕಾಳಿನಿಂದ ಸಾಯುವುದೇಕೆ? ಇದನ್ನು ತಿಳಿಯಬೇಕಾದರೆ, ಹಸು ತಿಂದುದನ್ನು ಮೊದಲು ಉಣ್ಣುವವರು ಯಾರೆಂಬುದನ್ನು ನಾವು ವಿಚಾರಿಸಬೇಕು.

ಹಸುವಿನ ಜಠರದಲ್ಲಿ ನಾಲ್ಕು ಕೋಣೆಗಳಿವೆ. ಅವುಗಳಲ್ಲಿ ಅತಿ ದೊಡ್ಡದಕ್ಕೆ ರೂಮೆನ್ ಎಂದು ಹೆಸರು. ಬೆಳೆದ ಹಸುವಿನಲ್ಲಿ ಅದು ನೂರು ಲೀಟರಿಗೂ ಮಿಕ್ಕು ಹಿಡಿಯುವ ಒಂದು ತೊಟ್ಟಿ. ಅದರ ಉಷ್ಣತೆ ಸುಮಾರು 39 ಡಿಗ್ರಿ ಸೆಂಟಿಗ್ರೇಡ್. ಅಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಮೆ. ಅಲ್ಲಿನ ರಸದ ಒಂದು ಮಿಲಿಲೀಟರಿನಲ್ಲಿ ಸಾವಿರ ಕೋಟಿಯ ಲೆಕ್ಕದಲ್ಲಿ ಬ್ಯಾಕ್ಟೀರಿಯಗಳೂ ಲಕ್ಷದ ಲೆಕ್ಕದಲ್ಲಿ ಪ್ರೋಟೋಜೋವಗಳೂ ವಾಸಿಸುತ್ತವೆ. ಗಾಳಿ ಸೋಕಿದರೆ ಸಾಯುವ ಈ ಬ್ಯಾಕ್ಟೀರಿಯಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸುವ ಉಪಾಯವನ್ನು ರೂಪಿಸಿದವರು ಅಮೆರಿಕದ ರಾಬರ್ಟ್ ಹಂಗೇಟ್. ರೂಮೆನ್ನನ್ನು ಕುರಿತ ಅವರ ಗ್ರಂಥ 1966ರಲ್ಲಿ ಪ್ರಕಟವಾಯಿತು.

ಹುಲ್ಲಿನ ನಾರಿನಲ್ಲಿರುವ ಸೆಲ್ಯುಲೋಸನ್ನು ಒಡೆಯುವ ಕಿಣ್ವ ಹಸುವಿನ ದೇಹದಲ್ಲಿ ತಯಾರಾಗುವುದಿಲ್ಲ. ಆ ಕೆಲಸ ಈ ಸೂಕ್ಷ್ಮಜೀವಿಗಳದು. ಅವು ನಾರನ್ನೂ ಪಿಷ್ಟವನ್ನೂ ಹುದುಗಿಸಿ ಅಸಿಟಿಕ್, ಪ್ರೊಪಿಯೋನಿಕ್ ಮತ್ತು ಬ್ಯುಟಿರಿಕ್ ಆಮ್ಲಗಳನ್ನು ಹೊರಬಿಡುತ್ತವೆ. ರೂಮೆನ್ನಿನ ಗೋಡೆ ಹೀರಿಕೊಳ್ಳುವ ಈ ಆಮ್ಲಗಳಿಂದಲೇ ಹಸುವಿಗೆ ಬೇಕಾದ ಶಕ್ತಿಯಲ್ಲಿ ನೂರಕ್ಕೆ ಸುಮಾರು 70 ಪಾಲು ದೊರೆಯುತ್ತದೆ. ನಾವು ಮೇವು ಹಾಕುವುದು ಹಸುವಿಗೆ, ಉಣ್ಣುವುದು ಬ್ಯಾಕ್ಟೀರಿಯ. ಅದರ ಎಂಜಲನ್ನು ಹಸು ಉಣ್ಣುತ್ತದೆ!

ಮೇವು ಬದಲಾದರೆ ಉಣ್ಣುವವರೂ ಬದಲಾಗುತ್ತಾರೆ. ಹುಲ್ಲೇ ಹೆಚ್ಚಾಗಿರುವಾಗ ನಾರು ಒಡೆಯುವ ಬ್ಯಾಕ್ಟೀರಿಯಗಳು ಮೇಲುಗೈಯಾಗಿ, ಆಮ್ಲಗಳಲ್ಲಿ ನೂರಕ್ಕೆ 65ರಿಂದ 70 ಪಾಲು ಅಸಿಟಿಕ್ ಆಗಿರುತ್ತದೆ. ಕಾಳು ಹೆಚ್ಚಿದಂತೆಲ್ಲ ಪ್ರೊಪಿಯೋನಿಕ್ ಆಮ್ಲದ ಪಾಲು ಏರುತ್ತದೆ. ಇಲ್ಲಿ ಹೈಡ್ರೊಜನ್ನಿನ ಒಂದು ಸೊಗಸಾದ ಲೆಕ್ಕವಿದೆ. ಗ್ಲೂಕೋಸಿನ ಒಂದು ಅಣುವಿನಿಂದ ಅಸಿಟಿಕ್ ಆಮ್ಲದ ಎರಡು ಅಣುಗಳಾದರೆ ಹೈಡ್ರೊಜನ್ನಿನ ನಾಲ್ಕು ಅಣುಗಳು ಮಿಕ್ಕುತ್ತವೆ. ಪ್ರೊಪಿಯೋನಿಕ್ ಆಮ್ಲದ ಎರಡು ಅಣುಗಳಾಗಬೇಕಾದರೆ ಹೈಡ್ರೊಜನ್ನಿನ ಎರಡು ಅಣುಗಳು ಖರ್ಚಾಗುತ್ತವೆ. ಮಿಕ್ಕ ಹೈಡ್ರೊಜನ್ನನ್ನು ಬೇರೊಂದು ಜಾತಿಯ ಸೂಕ್ಷ್ಮಜೀವಿಗಳು ಮೀಥೇನ್ ಅನಿಲವನ್ನಾಗಿ ಮಾರ್ಪಡಿಸುತ್ತವೆ. ಹಸು ಅದನ್ನು ತೇಗಿ ಹೊರಹಾಕುತ್ತದೆ. ಮೇವಿನಲ್ಲಿರುವ ಒಟ್ಟು ಶಕ್ತಿಯ ನೂರಕ್ಕೆ 2ರಿಂದ 12 ಪಾಲು ಹೀಗೆ ಗಾಳಿಪಾಲಾಗುತ್ತದೆ.

ಹಾಗಾದರೆ ಕಾಳನ್ನೇ ಹೆಚ್ಚು ಹಾಕಬಾರದೇಕೆ ಎಂದು ವಾಚಕರು ಕೇಳಬಹುದು. ಅಡ್ಡಿಯೆಲ್ಲ ಆಮ್ಲತೆಯದು. ಹುಲ್ಲು ತಿಂದ ಹಸುವಿನ ರೂಮೆನ್ನಿನಲ್ಲಿ ಪಿಎಚ್ ಸಾಮಾನ್ಯವಾಗಿ 6ಕ್ಕೂ 7ಕ್ಕೂ ನಡುವೆ ಇರುತ್ತದೆ. ಹಸು ಗಂಟೆಗಟ್ಟಲೆ ಮೆಲುಕು ಹಾಕುತ್ತದೆ. ಹಾಕಿದಷ್ಟೂ ಜೊಲ್ಲು ಸುರಿಯುತ್ತದೆ. ದಿನಕ್ಕೆ ನೂರು ಲೀಟರಿಗೂ ಹೆಚ್ಚಾಗಬಲ್ಲ ಈ ಜೊಲ್ಲಿನಲ್ಲಿ ಅಡುಗೆ ಸೋಡದಲ್ಲಿರುವ ಬೈಕಾರ್ಬೊನೇಟೇ ಇದ್ದು, ಆಮ್ಲವನ್ನು ಶಮನ ಮಾಡುತ್ತದೆ. ಕಾಳಿಗೆ ಮೆಲುಕೂ ಕಡಮೆ, ಜೊಲ್ಲೂ ಕಡಮೆ. ಆದರೆ ಪಿಷ್ಟ ಬೇಗನೆ ಹುದುಗಿ ಆಮ್ಲ ಒಮ್ಮೆಗೇ ಹೆಚ್ಚುತ್ತದೆ. ಪಿಎಚ್ ಒಂದು ಅಂಕ ಇಳಿಯಿತೆಂದರೆ ಹೈಡ್ರೊಜನ್ ಅಯಾನುಗಳ ಸಾಂದ್ರತೆ ಹತ್ತರಷ್ಟಾಯಿತೆಂದು ಅರ್ಥ. 6ರಿಂದ ಕೆಳಗೆ ನಾರು ಒಡೆಯುವ ಬ್ಯಾಕ್ಟೀರಿಯಗಳು ಸೊರಗುತ್ತವೆ. ಆಗ ಸ್ಟ್ರೆಪ್ಟೊಕಾಕಸ್ ಬೋವಿಸ್ ಎಂಬ ಬ್ಯಾಕ್ಟೀರಿಯಕ್ಕೆ ಸುಗ್ಗಿ. ಪಿಷ್ಟ ಯಥೇಚ್ಛವಾಗಿ ಸಿಕ್ಕರೆ ಅದು ಅರ್ಧ ಗಂಟೆಯೊಳಗೇ ಇಮ್ಮಡಿಯಾಗಬಲ್ಲದು. ಅದು ತಯಾರಿಸುವ ಲ್ಯಾಕ್ಟಿಕ್ ಆಮ್ಲವು ಅಸಿಟಿಕ್ ಆಮ್ಲಕ್ಕಿಂತ ಸುಮಾರು ಹತ್ತು ಪಾಲು ಪ್ರಬಲ. ಪಿಎಚ್ 5ಕ್ಕೂ ಕೆಳಗಿಳಿದ ಮೇಲೆ ಭೌತವಿಜ್ಞಾನದ ನಮಗೆ ಪರಿಚಿತವಾದ ಪರಾಸರಣ ತನ್ನ ಕೆಲಸವನ್ನು ಆರಂಭಿಸುತ್ತದೆ: ರೂಮೆನ್ನಿನ ದ್ರಾವಣ ರಕ್ತಕ್ಕಿಂತ ಸಾಂದ್ರವಾಗಿ, ನೀರು ರಕ್ತದಿಂದ ಹೊಟ್ಟೆಯೊಳಕ್ಕೆ ಹರಿಯುತ್ತದೆ. ಹೊಟ್ಟೆ ತುಂಬ ನೀರಿದ್ದೂ ದೇಹ ಒಣಗುತ್ತದೆ, ರಕ್ತವೂ ಆಮ್ಲೀಯವಾಗುತ್ತದೆ. ಕಣದಲ್ಲಿ ಕಾಳು ತಿಂದ ಹಸು ಸಾಯುವುದು ಹೀಗೆ.

ಪ್ರಾಣಕ್ಕೆ ಮುಟ್ಟದ ನಷ್ಟವೂ ಉಂಟು. ಕಾಳು ಅತಿಯಾದರೆ ಹಾಲಿನ ಜಿಡ್ಡು ಇಳಿಯುತ್ತದೆ. ಜಿಡ್ಡು ನೋಡಿ ಬೆಲೆ ಕೊಡುವ ಹಾಲಿನ ಸಂಘದಲ್ಲಿ ರೈತನಿಗೆ ಇದು ಕೂಡಲೇ ತಿಳಿಯುತ್ತದೆ. ಅಸಿಟಿಕ್ ಆಮ್ಲ ಸಾಲದುದೇ ಇದಕ್ಕೆ ಕಾರಣವೆಂದು ಹಿಂದೆ ಭಾವಿಸಿದ್ದರು. ಬದಲಾದ ರೂಮೆನ್ನಿನಲ್ಲಿ ಬ್ಯಾಕ್ಟೀರಿಯಗಳಿಂದ ಹುಟ್ಟುವ ಒಂದು ಬಗೆಯ ಕೊಬ್ಬಿನ ಆಮ್ಲವು ಕೆಚ್ಚಲಿನಲ್ಲಿ ಜಿಡ್ಡಿನ ತಯಾರಿಕೆಯನ್ನೇ ತಡೆಯುತ್ತದೆಂದು ಈಗ ತಿಳಿದಿದೆ.

ಬರಿಯ ಒಣಹುಲ್ಲೂ ಸಾಲದು. ಭತ್ತದ ಹುಲ್ಲಿಗಿಂತ ರಾಗಿ ಹುಲ್ಲು ಉತ್ತಮವೆಂಬ ನಮ್ಮ ರೈತರ ಮಾತು ನಿಜವೇ. ಆದರೆ ಎರಡರಲ್ಲೂ ಸಾರಜನಕ ಅತ್ಯಲ್ಪ. ಅದಿಲ್ಲದೆ ಸೂಕ್ಷ್ಮಜೀವಿಗಳು ವೃದ್ಧಿಯಾಗಲಾರವು. ಹುಲ್ಲು ಜೀರ್ಣವಾಗದೆ ಹೊಟ್ಟೆಯಲ್ಲೇ ಉಳಿಯುವುದರಿಂದ ಹಸು ಮೇಯುವುದೂ ಕುಗ್ಗುತ್ತದೆ. ಒಂದಿಷ್ಟು ಹಿಂಡಿಯನ್ನೋ ಹುರುಳಿಯ ಹೊಟ್ಟನ್ನೋ ಸೇರಿಸಿದರೆ ಅದೇ ಹುಲ್ಲು ಹೆಚ್ಚು ಜೀರ್ಣವಾಗುತ್ತದೆ. ದಾಣಿಯನ್ನು ಹೆಚ್ಚಿಸಬೇಕಾದವರು ಎರಡು ಮೂರು ವಾರಗಳ ಅವಧಿಯಲ್ಲಿ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತ, ದಿನದ ಪಾಲನ್ನು ಹಲವು ಹೊತ್ತಿಗೆ ಹಂಚಿ, ಹುಲ್ಲು ತಿನ್ನಿಸಿದ ಮೇಲೆ ಕೊಡಬೇಕು. ಲ್ಯಾಕ್ಟಿಕ್ ಆಮ್ಲವನ್ನೇ ಉಣ್ಣುವ ಬ್ಯಾಕ್ಟೀರಿಯಗಳೂ ರೂಮೆನ್ನಿನಲ್ಲಿವೆ. ಅವು ನಿಧಾನವಾಗಿ ಹೆಚ್ಚುವಂಥವು, ಅವಕ್ಕೆ ಅಷ್ಟು ಕಾಲ ಬೇಕು.