ಆಷಾಢದ ಸೋನೆಯಲ್ಲೂ ಹೊಗೆಯದ ಬಚ್ಚಲ ಒಲೆ

ಅರಸೀಕೆರೆ ಬಳಿಯ ಮಾಲೇಕಲ್ಲು ತಿರುಪತಿಯ ತೇರು ಬರುವುದು ಆಷಾಢದಲ್ಲಿ. ಹೊರಗೆ ಸೋನೆ, ಮನೆ ತುಂಬ ನೆಂಟರು. ಬೆಟ್ಟದ ಸಾವಿರಕ್ಕೂ ಮಿಕ್ಕ ಮೆಟ್ಟಿಲು ಹತ್ತುವ ಮೊದಲು ಎಲ್ಲರಿಗೂ ನಸುಕಿನಲ್ಲೇ ಬಿಸಿನೀರು ಬೇಕು. ಬಚ್ಚಲ ಒಲೆ ಹೊಗೆಯುವುದೂ ಅಂಥ ದಿನವೇ. ಒಲೆಯನ್ನು ಬೈದು ಫಲವಿಲ್ಲ. ಉರುವಲಿನಲ್ಲಿ ಪಸೆಯಿರುತ್ತದೆ, ಇಲ್ಲವೇ ಗಾಳಿಯ ದಾರಿ ಮುಚ್ಚಿರುತ್ತದೆ.

ಅರಸೀಕೆರೆ ಸೀಮೆಯಲ್ಲಿ ಉರುವಲು ತೆಂಗಿನ ತೋಟದಲ್ಲೇ ಬಿದ್ದಿರುತ್ತದೆ. ಒಣಗರಿ ಭಗ್ಗನೆ ಹತ್ತಿ ಅಷ್ಟೇ ಬೇಗ ಆರುತ್ತದೆ. ಕಾಯಿ ಸುಲಿದ ಸಿಪ್ಪೆ ಚೂರು ತೇವವಿದ್ದರೂ ಕಣ್ಣು ಉರಿಸುತ್ತದೆ. ನನ್ನ ಮಟ್ಟಿಗೆ ಚಿಪ್ಪಿಗೆ ಸಾಟಿಯಿಲ್ಲ. ಉಂಡೆಕೊಬ್ಬರಿಗೆಂದು ತಿಂಗಳುಗಟ್ಟಲೆ ಅಟ್ಟದಲ್ಲಿ ಕೂತ ಕಾಯಿಯ ಚಿಪ್ಪಾದರಂತೂ ಗರಿಗರಿ ಒಣಗಿರುತ್ತದೆ. ಎರಡನ್ನು ತಟ್ಟಿ ನೋಡಿ, ಟಣ್ ಎನ್ನಬೇಕು. ಸೌದೆಯ ತುದಿಯಲ್ಲಿ ನೊರೆ ಬಂದು ಸುಂಯ್ ಎಂದರೆ ಅದಿನ್ನೂ ಹಸಿ. ಮಳೆಗಾಲಕ್ಕೆ ಬೇಕಾದ್ದನ್ನು ಬೇಸಿಗೆಯಲ್ಲೇ ಸೂರಿನಡಿ ಒಟ್ಟಿಡಿ.

ಮೊದಲು ಹಂಡೆಗೆ ನೀರು ತುಂಬಿ. ಬರಿ ಹಂಡೆಯ ಅಡಿ ಬೆಂಕಿ ಹಾಕಬೇಡಿ. ಹಳೆಯ ಬೂದಿ ಬಾಚಿ ತೆಗೆಯಿರಿ. ಎಡೆಮಟ್ಟೆಯ ಎರಡು ತುಂಡುಗಳನ್ನು ಗೇಣಗಲ ಬಿಟ್ಟು ಇಡಿ. ನಡುವೆ ತೆಂಗಿನ ನಾರನ್ನು ಬಿಡಿಸಿ, ಹಕ್ಕಿಗೂಡಿನಷ್ಟು ಸಡಿಲವಾಗಿ ಹಾಕಿ. ಮೇಲೆ ಅಡ್ಡಡ್ಡ ಪುರಲೆ, ಅದರ ಮೇಲೆ ನಾಲ್ಕೈದು ಚಿಪ್ಪು. ಎಲ್ಲರೂ ಎಡವುವುದು ಇಲ್ಲೇ: ಬಟ್ಟಲೊಳಗೆ ಬಟ್ಟಲಿಟ್ಟಂತೆ ಚಿಪ್ಪು ಪೇರಿಸಿದರೆ ಗಾಳಿ ಆಡುವುದಿಲ್ಲ. ಒಂದಕ್ಕೊಂದು ಒರಗಿಸಿ ನಿಲ್ಲಿಸಿ. ಚಿಪ್ಪಿನ ಅಂಚು ಹತ್ತಿಕೊಂಡು ಹಳದಿ ಜ್ವಾಲೆ ಎದ್ದ ಮೇಲೆ ದಪ್ಪ ಸೌದೆ ನೂಕಿ. ಊದುಗೊಳವೆಯಿಂದ ಊದುವುದು ಕೆಂಡದ ಬುಡಕ್ಕೆ, ಜ್ವಾಲೆಗಲ್ಲ. ಸೀಮೆಎಣ್ಣೆ, ಪ್ಲಾಸ್ಟಿಕ್ ಬೇಡವೇ ಬೇಡ.

ಹೊಗೆಕೊಳವೆ ಇದ್ದೂ ಹೊಗೆ ಒಳಗೇ ತಿರುಗುತ್ತಿದೆಯೇ? ತಣ್ಣಗಿನ ಕೊಳವೆಯಲ್ಲಿ ಗಾಳಿ ಭಾರವಾಗಿ ಕೂತಿರುತ್ತದೆ. ಮೊದಲು ಒಂದು ಹಿಡಿ ಒಣಗರಿ ಉರಿಸಿ ಕೊಳವೆ ಬಿಸಿ ಮಾಡಿ, ಆಮೇಲೆ ಎಳೆತ ತಾನಾಗಿ ಶುರುವಾಗುತ್ತದೆ. ಮಸಿ ಕಟ್ಟಿದ್ದರೆ ಕೆರೆದು ತೆಗೆಯಿರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರ ರೂಪಿಸಿದ ಅಸ್ತ್ರ ಒಲೆಯಲ್ಲೂ ಮುಖ್ಯವಾದದ್ದು ಇದೇ: ಅಡಿಯಿಂದ ಗಾಳಿ, ಮುಚ್ಚಿದ ಬೆಂಕಿ, ಹೊರಗೆ ಹೋಗುವ ಹೊಗೆ.

ಹೊಗೆ ನಿಂತಿತೆಂದು ಬಚ್ಚಲ ಬಾಗಿಲು, ಕಿಟಕಿ ಎರಡನ್ನೂ ಮುಚ್ಚಿ ಸ್ನಾನಕ್ಕೆ ಕೂರಬೇಡಿ. ಚಳಿಯೆಂದು ಕೆಂಡದ ಬಾಂಡ್ಲಿಯನ್ನು ಮಲಗುವ ಕೋಣೆಗೆ ಒಯ್ಯಲೇಬೇಡಿ. ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಇಂಗ್ಲೆಂಡಿನ ಕಾಲುವೆಗಳಲ್ಲಿ ದೋಣಿಯನ್ನೇ ಮನೆ ಮಾಡಿಕೊಂಡವರೂ ಸೌದೆ, ಕಲ್ಲಿದ್ದಲಿನ ಒಲೆ ಹಚ್ಚುತ್ತಾರೆ. ಅಲ್ಲಿನ ದೋಣಿ ಸುರಕ್ಷತಾ ನಿಯಮ ಈ ಅನಿಲದ ಎಚ್ಚರಿಕೆ ಗಂಟೆಯನ್ನು 2019ರಿಂದ ಕಡ್ಡಾಯ ಮಾಡಿದೆ. ನಮ್ಮ ಬಚ್ಚಲಿಗೆ ಕನಿಷ್ಠ ತೆರೆದ ಕಿಟಕಿಯಾದರೂ ಇರಲಿ.

ಬೂದಿಯನ್ನು ತಕ್ಷಣ ತಿಪ್ಪೆಗೆ ಸುರಿಯಬೇಡಿ, ಅಡಿಯಲ್ಲಿ ಕೆಂಡ ಬದುಕಿರುತ್ತದೆ. ಕಬ್ಬಿಣದ ಬಕೆಟ್ಟಿನಲ್ಲಿ ಹಾಕಿ ಹೊರಗಿಡಿ. ಮಾರನೆಯ ದಿನ ಬಕೆಟ್ಟಿನ ಮೇಲೆ ಕೈ ಹಿಡಿದು ನೋಡಿ, ಕಾವಿಲ್ಲದಿದ್ದರೆ ತೆಂಗಿನ ಪಾತಿಗೆ ತೆಳ್ಳಗೆ ಎರಚಿ. ಪೊಟ್ಯಾಷ್ ಮರಕ್ಕೇ ಮರಳುತ್ತದೆ.