ಹಿರಿಯರಿಂದ ಬಂದ ನಾಣ್ಯಕ್ಕೆ ಬೆಲೆ ಕಟ್ಟುವ ಬಗೆ

ಮನೆಯ ಪೆಟ್ಟಿಗೆಯಲ್ಲಿ ಹಳೆಯ ನಾಣ್ಯವೊಂದು ಸಿಕ್ಕಿದರೆ ಅದಕ್ಕೆ ಲಕ್ಷಗಟ್ಟಲೆ ಬೆಲೆಯಿರಬೇಕೆಂದು ಹಿಗ್ಗುವವರು ಕೆಲವರು. ಬೆಳ್ಳಿಯ ತೂಕಕ್ಕಿಂತ ಹೆಚ್ಚೇನು ಬಂದೀತು ಎಂದು ಅಕ್ಕಸಾಲಿಗನ ಬಳಿಗೆ ಒಯ್ಯುವವರು ಇನ್ನು ಕೆಲವರು. ಇಬ್ಬರ ಎಣಿಕೆಯೂ ತಪ್ಪಬಹುದು. ಒಡಹುಟ್ಟಿದವರು ಆಸ್ತಿ ಹಂಚಿಕೊಳ್ಳುವ ದಿನ ಇಂತಹ ತಪ್ಪೆಣಿಕೆಯಿಂದಲೇ ಮನಸ್ತಾಪಗಳು ಹುಟ್ಟುತ್ತವೆ. ಆದುದರಿಂದ ಬೆಲೆ ಕಟ್ಟುವ ಕ್ರಮವನ್ನು ವಿದ್ಯಾರ್ಥಿಗಳೂ ಅವರ ಮನೆಯವರೂ ತಿಳಿದಿರುವುದು ಒಳ್ಳೆಯದು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ನಾಣ್ಯಸಂಗ್ರಹದ ಹವ್ಯಾಸವಿದ್ದ ಹಿರಿಯರೊಬ್ಬರು ತೀರಿಕೊಂಡರು. ಅವರಿಗೆ ಮೂವರು ಮಕ್ಕಳು. ಐದನೆಯ ಜಾರ್ಜ್ ದೊರೆಯ ಚಿತ್ರವಿರುವ ೧೯೧೧ರ ಬೆಳ್ಳಿ ರೂಪಾಯಿಯೊಂದು ಪಾರದರ್ಶಕವಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಭದ್ರವಾಗಿದೆ. ಡಬ್ಬಿಯ ಚೀಟಿಯಲ್ಲಿ 'ಎಂ.ಎಸ್. ೬೨' ಎಂದೂ ಒಂದು ಕ್ರಮಸಂಖ್ಯೆಯೂ ಇವೆ. ಇದರ ಬೆಲೆಯೆಷ್ಟು?

ಮೊದಲು ಚೀಟಿಯನ್ನು ಓದಬೇಕು. ನಾಣ್ಯವನ್ನು ಪರೀಕ್ಷಿಸಿ, ಅಸಲಿಯೆಂದು ಕಂಡರೆ ದರ್ಜೆ ಕೊಟ್ಟು, ಡಬ್ಬಿಯಲ್ಲಿಟ್ಟು ಮುದ್ರೆಯೊತ್ತುವ ಸಂಸ್ಥೆಗಳಿವೆ. ಅಮೆರಿಕದಲ್ಲಿ ೧೯೮೬ರಲ್ಲಿ ಆರಂಭವಾದ ಪಿ.ಸಿ.ಜಿ.ಎಸ್. ಮತ್ತು ೧೯೮೭ರಲ್ಲಿ ಆರಂಭವಾದ ಎನ್.ಜಿ.ಸಿ. ಇವುಗಳಲ್ಲಿ ಪ್ರಸಿದ್ಧವಾದವು. ದರ್ಜೆಯ ಅಂಕಗಳು ೧ರಿಂದ ೭೦ರವರೆಗೆ ಇವೆ. ಈ ಅಳತೆಗೋಲನ್ನು ೧೯೪೯ರಲ್ಲಿ ವಿಲಿಯಂ ಶೆಲ್ಡನ್ ಎಂಬವರು ಅಮೆರಿಕದ ಹಳೆಯ ಸೆಂಟ್ ನಾಣ್ಯಗಳಿಗಾಗಿ ರೂಪಿಸಿದರು. ೬೦ ಮತ್ತು ಅದಕ್ಕೆ ಮೇಲ್ಪಟ್ಟ ಅಂಕ ಬಂದರೆ ನಾಣ್ಯ ಚಲಾವಣೆಯಿಂದ ಸವೆದಿಲ್ಲ ಎಂದರ್ಥ. ೫೦ರಿಂದ ೫೮ರವರೆಗೆ ಅತ್ಯಲ್ಪ ಸವೆತ. ಅಂಕ ಇಳಿದಂತೆಲ್ಲ ಸವೆತ ಹೆಚ್ಚು.

ಇಲ್ಲಿ ಒಂದು ಮಾತನ್ನು ಚೆನ್ನಾಗಿ ನೆನಪಿಡಬೇಕು. ಈ ಅಂಕವು ನಾಣ್ಯದ ಸ್ಥಿತಿಯನ್ನು ಹೇಳುತ್ತದೆಯೇ ಹೊರತು ಬೆಲೆಯನ್ನು ಹೇಳುವುದಿಲ್ಲ. ಪರೀಕ್ಷೆಯ ಅಂಕಪಟ್ಟಿ ನೋಡಿ ವಿದ್ಯಾರ್ಥಿಯ ಮುಂದಿನ ಸಂಬಳವನ್ನು ಹೇಳಲು ಬಾರದಷ್ಟೆ, ಹಾಗೆಯೇ ಇದೂ. ಚೀಟಿಯಲ್ಲಿ ಅಂಕದ ಬದಲು 'ಡೀಟೇಲ್ಸ್' ಎಂದಿದ್ದರೆ ನಾಣ್ಯವನ್ನು ಯಾರೋ ಉಜ್ಜಿದ್ದಾರೆ ಅಥವಾ ಬೇರೆ ಏನೋ ಹಾನಿಯಾಗಿದೆ ಎಂದು ತಿಳಿಯಬೇಕು. ಹಬ್ಬಕ್ಕೆಂದು ಹುಣಸೆಹುಳಿ ಹಚ್ಚಿ ಬೆಳಗಿದ ನಾಣ್ಯಕ್ಕೂ, ಸರಕ್ಕೆ ಪೋಣಿಸಲು ಕೊಂಡಿ ಬೆಸೆದ ನಾಣ್ಯಕ್ಕೂ ಇದೇ ಗತಿ. ಬೆಲೆ ಬಹಳ ಇಳಿಯುತ್ತದೆ.

ಡಬ್ಬಿಗಳಲ್ಲೂ ನಕಲಿಗಳುಂಟು. ಚೀಟಿಯ ಕ್ರಮಸಂಖ್ಯೆಯನ್ನು ಆ ಸಂಸ್ಥೆಯ ಅಂತರ್ಜಾಲ ತಾಣದಲ್ಲಿ ಹುಡುಕಿ, ಅಲ್ಲಿಯ ವಿವರವೂ ಚಿತ್ರವೂ ನಮ್ಮ ನಾಣ್ಯಕ್ಕೆ ಹೊಂದುತ್ತವೆಯೇ ಎಂದು ನೋಡಬೇಕು. ತೂಗಿ ನೋಡುವ ಆತುರದಿಂದ ಡಬ್ಬಿಯನ್ನು ಒಡೆಯಕೂಡದು. ಒಡೆದರೆ ಆ ದರ್ಜೆಗೆ ಆಧಾರವೇ ಇಲ್ಲವಾಗುತ್ತದೆ.

ಎರಡನೆಯದಾಗಿ ಲೋಹದ ಬೆಲೆ. ೧೯೧೧ರ ರೂಪಾಯಿಯ ತೂಕ ಒಂದು ತೊಲ, ಅಂದರೆ ೧೧.೬೬ ಗ್ರಾಂ. ಅದರಲ್ಲಿ ಶುದ್ಧ ಬೆಳ್ಳಿ ಶೇಕಡ ೯೧.೭, ಹಾಗಾದರೆ ೧೦.೬೯ ಗ್ರಾಂ. ಇದನ್ನು ಆ ದಿನದ ಬೆಳ್ಳಿಯ ದರದಿಂದ ಗುಣಿಸಿದರೆ ಬರುವುದು ಕನಿಷ್ಠ ಬೆಲೆ. ಇದಕ್ಕಿಂತ ಕಡಿಮೆಗೆ ಕೇಳುವವರಿಗೆ ಕೊಡಲೇಬಾರದು.

ಮೂರನೆಯದು ವಿರಳತೆ. ವಯಸ್ಸಿಗೂ ವಿರಳತೆಗೂ ನೇರ ಸಂಬಂಧವಿಲ್ಲ. ೧೯೧೧ರ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಮೇಲಿನ ಆನೆಯು ಹಂದಿಯಂತೆ ಕಾಣುತ್ತದೆಂದು ಜನರು ಆಕ್ಷೇಪಿಸಿದರು. ಸರ್ಕಾರವು ಬಹುಭಾಗವನ್ನು ಹಿಂತೆಗೆದುಕೊಂಡು ಕರಗಿಸಿ, ೧೯೧೨ರಿಂದ ಆನೆಯ ಆಕೃತಿಯನ್ನು ತಿದ್ದಿತು. ೧೯೧೮ರ ರೂಪಾಯಿಗಳಾದರೋ ಕೋಟಿಗಟ್ಟಲೆ ಅಚ್ಚಾದವು. ಆದುದರಿಂದ ಒಂದೇ ದರ್ಜೆಯ ೧೯೧೧ರ ನಾಣ್ಯಕ್ಕೆ ೧೯೧೮ರದಕ್ಕಿಂತ ಹೆಚ್ಚು ಬೇಡಿಕೆಯಿದೆ. ಆದರೆ ಇವೆರಡಕ್ಕಿಂತಲೂ ಎಳೆಯದಾದ ೧೯೩೯ರ ಬೆಳ್ಳಿ ರೂಪಾಯಿ ಇನ್ನೂ ವಿರಳ. ಆ ಕಾರಣದಿಂದಲೇ ಅದರ ನಕಲಿಗಳೂ ಹೆಚ್ಚು.

ನಾಲ್ಕನೆಯದೇ ಮುಖ್ಯವಾದುದು: ಮಾರಾಟವಾದ ಬೆಲೆ. ಜಾಹೀರಾತಿನಲ್ಲಿ ಯಾರೋ ಕೇಳಿದ ಬೆಲೆಯನ್ನು ನಂಬಬಾರದು. ಅದೇ ವರ್ಷದ, ಅದೇ ಟಂಕಸಾಲೆಯ, ಅದೇ ದರ್ಜೆಯ ನಾಣ್ಯಗಳು ಇತ್ತೀಚಿನ ಹರಾಜುಗಳಲ್ಲಿ ಎಷ್ಟಕ್ಕೆ ಹೋದವು ಎಂಬುದನ್ನು ಪಟ್ಟಿ ಮಾಡಬೇಕು. ಲೆಕ್ಕ ತಿಳಿಯಲು ಐದು ಕಾಲ್ಪನಿಕ ಬೆಲೆಗಳನ್ನು ಇಟ್ಟುಕೊಳ್ಳೋಣ: ೯,೦೦೦, ೯,೫೦೦, ೧೦,೦೦೦, ೧೧,೦೦೦, ೨೪,೦೦೦ ರೂಪಾಯಿ. ಇವುಗಳ ಸರಾಸರಿ ೧೨,೭೦೦. ಆದರೆ ಐದರಲ್ಲಿ ನಾಲ್ಕು ನಾಣ್ಯಗಳಿಗೆ ಅಷ್ಟು ಬಂದೇ ಇಲ್ಲ! ಇಬ್ಬರು ಶ್ರೀಮಂತರ ಪೈಪೋಟಿಯಿಂದ ಏರಿದ ಒಂದು ಬೆಲೆ ಸರಾಸರಿಯನ್ನು ಎಳೆದಿರಬಹುದು. ಗಣಿತದ ತರಗತಿಯಲ್ಲಿ ಕಲಿತ ಮಧ್ಯಾಂಕ ಇಲ್ಲಿ ಉಪಯೋಗಕ್ಕೆ ಬರುತ್ತದೆ, ಅದು ೧೦,೦೦೦.

ಆ ಹತ್ತು ಸಾವಿರವೂ ಪೂರ್ತಿ ಕೈಗೆ ಬರುವುದಿಲ್ಲ. ಹರಾಜಿನವರು ಮಾರುವವನಿಂದ ನೂರಕ್ಕೆ ಹತ್ತು ಹಿಡಿದರೆ ಉಳಿಯುವುದು ೯,೦೦೦. ಕೊಳ್ಳುವವನಿಂದ ನೂರಕ್ಕೆ ಇಪ್ಪತ್ತು ಹೆಚ್ಚುವರಿ ಪಡೆದರೆ ಅವನು ತೆರುವುದು ೧೨,೦೦೦. ಪ್ರಕಟವಾದ ಬೆಲೆಯಲ್ಲಿ ಈ ಹೆಚ್ಚುವರಿ ಸೇರಿದೆಯೇ ಎಂದು ವಿಚಾರಿಸಬೇಕು. ಅಂಗಡಿಯವನಿಗೆ ಮಾರಿದರೆ ಆತ ತನ್ನ ಲಾಭವನ್ನು ಕಳೆದೇ ಕೊಡುತ್ತಾನೆ.

ಈಗ ಮೂವರು ಮಕ್ಕಳ ವಿಷಯಕ್ಕೆ ಬರೋಣ. ನಾಣ್ಯವನ್ನು ಒಬ್ಬರು ಇಟ್ಟುಕೊಳ್ಳುವುದಾದರೆ, ಮಾರಿದ್ದರೆ ಮನೆಗೆ ಬರುತ್ತಿದ್ದ ೯,೦೦೦ವನ್ನೇ ಬೆಲೆಯೆಂದು ಹಿಡಿದು, ಉಳಿದಿಬ್ಬರಿಗೆ ತಲಾ ೩,೦೦೦ ಕೊಡುವುದು ನ್ಯಾಯ. ಹರಾಜಿನ ಪಟ್ಟಿಯನ್ನು ಮೂವರ ಮುಂದೆಯೂ ಬಿಚ್ಚಿಟ್ಟರೆ ಸಂಶಯಕ್ಕೆ ಎಡೆಯಿರದು.

ಕೊನೆಗೆ ಮೂರು ಎಚ್ಚರಿಕೆಗಳು. ನೂರು ವರ್ಷ ತುಂಬಿದ ನಾಣ್ಯ ೧೯೭೨ರ ಪುರಾತನ ವಸ್ತುಗಳ ಕಾಯಿದೆಯ ವ್ಯಾಪ್ತಿಗೆ ಬರುತ್ತದೆ. ಅದನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ. ನಮ್ಮ ಕಾಸರಗೋಡಿನಲ್ಲಿ ಗಲ್ಫಿನ ಬಂಧುಗಳಿಲ್ಲದ ಮನೆ ಕಡಿಮೆ. ಮಾರಿಸಲೆಂದು ಅವರ ಕೈಯಲ್ಲಿ ಕೊಟ್ಟು ಕಳುಹಿಸಬೇಡಿ. ನೆಲದಲ್ಲಿ ಹೂತದ್ದು ಸಿಕ್ಕಿದರೆ ಅದು ೧೯೬೮ರ ಕೇರಳ ನಿಧಿ ಕಾಯಿದೆಯ ವಿಷಯ; ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು. ಹಳೆಯ ನಾಣ್ಯ ಕೊಳ್ಳುತ್ತೇವೆ, ಮೊದಲು ಶುಲ್ಕ ಕಟ್ಟಿ ಎಂದು ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಯಾರಾದರೂ ಕೇಳಿದರೆ ಅದು ಮೋಸ. ತಾನು ಇಂತಹ ವ್ಯವಹಾರ ಮಾಡುವುದಿಲ್ಲವೆಂದು ಆ ಬ್ಯಾಂಕೇ ೨೦೨೧ರಲ್ಲಿ ಪ್ರಕಟಿಸಿದೆ.

ಅಭ್ಯಾಸ

೧. ೧೯೪೦ರಿಂದ ರೂಪಾಯಿಯಲ್ಲಿ ಬೆಳ್ಳಿಯ ಪ್ರಮಾಣ ಅರ್ಧಕ್ಕಿಳಿಯಿತು, ತೂಕ ಮೊದಲಿನಷ್ಟೇ. ೧೯೪೪ರ ರೂಪಾಯಿಯಲ್ಲಿ ಎಷ್ಟು ಗ್ರಾಂ ಬೆಳ್ಳಿಯಿದೆ?

೨. ಮೇಲಿನ ಐದು ಬೆಲೆಗಳಲ್ಲಿ ೨೪,೦೦೦ವನ್ನು ೧೨,೦೦೦ ಎಂದು ಬದಲಿಸಿ. ಸರಾಸರಿ ಎಷ್ಟಾಗುತ್ತದೆ? ಮಧ್ಯಾಂಕ ಬದಲಾಗುತ್ತದೆಯೇ?

೩. ನಿಮ್ಮ ಮನೆಯಲ್ಲಿ ಹಳೆಯ ನಾಣ್ಯವಿದ್ದರೆ ಅದು ಯಾರಿಂದ, ಯಾವಾಗ, ಹೇಗೆ ಬಂತೆಂದು ಹಿರಿಯರಿಂದ ಕೇಳಿ ಬರೆದಿಡಿ. ನಾಣ್ಯವನ್ನು ಮಾತ್ರ ಉಜ್ಜಬೇಡಿ.