ರಕ್ತದ ಒಂದು ಅಂಕಿ ಎಲ್ಲವನ್ನೂ ಹೇಳದು



ಆಮ್ಲಜನಕವನ್ನು ದೇಹದ ತುಂಬ ಹೊತ್ತೊಯ್ಯುವ, ಕಬ್ಬಿಣಾಂಶವುಳ್ಳ ಹಿಮೋಗ್ಲೋಬಿನ್ ಎಂಬ ಪ್ರೋಟೀನು ಗರ್ಭಿಣಿಯ ರಕ್ತದಲ್ಲಿ ಡೆಸಿಲೀಟರಿಗೆ 11 ಗ್ರಾಂಗಿಂತ ಕಡಿಮೆಯಿದ್ದರೆ ಅದನ್ನು ರಕ್ತಹೀನತೆಯೆಂದೂ, 7ಕ್ಕಿಂತ ಕೆಳಗಿಳಿದರೆ ತೀವ್ರ ರಕ್ತಹೀನತೆಯೆಂದೂ ಗಣಿಸಲಾಗುತ್ತದೆ. ಅಂಥ ಸ್ಥಿತಿಯಲ್ಲಿ ಹೆರಿಗೆಯ ರಕ್ತಸ್ರಾವವನ್ನು ತಾಳುವ ಶಕ್ತಿ ಕುಗ್ಗುತ್ತದೆ, ದಿನ ತುಂಬುವ ಮೊದಲೇ ಹೆರಿಗೆಯಾಗುವ ಮತ್ತು ಮಗುವಿನ ತೂಕ ಇಳಿಯುವ ಸಂಭವ ಹೆಚ್ಚುತ್ತದೆ. ಆದ್ದರಿಂದಲೇ ಗರ್ಭಿಣಿಯ ಆರೋಗ್ಯದ ವಿವರ ಬರೆದಿಡುವ ತಾಯಿ ಕಾರ್ಡಿನಲ್ಲಿ ಈ ಅಂಕಿಗೆ ಮನ್ನಣೆ. ಆದರೆ ಅದು ಸರಿಯಿದೆಯೆಂದ ಮಾತ್ರಕ್ಕೆ ಉಳಿದ ಪೋಷಕಾಂಶಗಳೂ ಸರಿಯಿವೆಯೆಂದು ತಿಳಿಯಲಾಗದು.

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರಾಗಿದ್ದವರ ರಕ್ತವನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ನಿದರ್ಶನ. ಅಲ್ಲಿ ನೂರಕ್ಕೆ 43 ಮಂದಿಯಲ್ಲಿ, ರಕ್ತಕಣಗಳ ರಚನೆಗೂ ನರಗಳಿಗೂ ಬೇಕಾದ ಬಿ12 ಜೀವಸತ್ವದ ಕೊರತೆಯಿತ್ತು. ಬಸಿರಿನಲ್ಲಿ ಕಾಣಿಸಿಕೊಳ್ಳುವ ಸಕ್ಕರೆ ಕಾಯಿಲೆಯು ಕೊರತೆಯಿಲ್ಲದವರಿಗಿಂತ ಅವರಲ್ಲಿ ಸುಮಾರು ಎರಡು ಪಟ್ಟು ಹೆಚ್ಚಾಗಿತ್ತು. ಫೋಲಿಕ್ ಆಮ್ಲವೂ ಸೇರಿರುವ ಫೋಲೇಟ್ ಎಂಬ ಜೀವಸತ್ವ ವರ್ಗದ ಕೊರತೆ ಕೆಲವರಲ್ಲಷ್ಟೇ ಇತ್ತಾದರೂ, ಬಿ12 ಕಡಿಮೆಯಿದ್ದವರಲ್ಲಿ ಫೋಲೇಟ್ ಏರಿದಂತೆ ಸಕ್ಕರೆ ಕಾಯಿಲೆಯೂ ಹೆಚ್ಚಿದ್ದುದು ಗಮನಾರ್ಹ. ಇದು ಈ ಜೀವಸತ್ವಗಳ ಮಟ್ಟಕ್ಕೂ ಸಕ್ಕರೆ ಕಾಯಿಲೆಗೂ ಇರುವ ನಂಟನ್ನು ತೋರಿಸುತ್ತದೆಯೇ ಹೊರತು ಒಂದೇ ಇನ್ನೊಂದಕ್ಕೆ ಕಾರಣವೆಂದು ಸಾಧಿಸುವುದಿಲ್ಲ. ಮಗುವಿನ ಬೆನ್ನುಹುರಿಯ ದೋಷವನ್ನು ತಡೆಯುವ ಫೋಲಿಕ್ ಆಮ್ಲವನ್ನು ಬಿಡಲು ಇದು ನೆಪವೂ ಆಗಬಾರದು.

ಹಾಗೆಂದು ಮಾತ್ರೆ ಹೆಚ್ಚಾದಷ್ಟೂ ಒಳಿತೆಂದೂ ಅಲ್ಲ; ಬೇಕಾದುದು ಪ್ರಮಾಣದ ಅರಿವು. ಬೆಂಗಳೂರಿನಲ್ಲಿ 11,000 ಚೊಚ್ಚಲ ಗರ್ಭಿಣಿಯರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದಿನಕ್ಕೆ 500 ಮಿಲಿಗ್ರಾಂ ಕ್ಯಾಲ್ಸಿಯಂ ಪಡೆದವರಲ್ಲಿ ಶೇಕಡ 3.0ರಷ್ಟು, 1,500 ಮಿಲಿಗ್ರಾಂ ಪಡೆದವರಲ್ಲಿ ಶೇಕಡ 3.6ರಷ್ಟು ಮಂದಿಗೆ ಪ್ರಿಎಕ್ಲಾಂಪ್ಸಿಯ, ಅಂದರೆ ರಕ್ತದೊತ್ತಡ ಏರಿ ಅಂಗಾಂಗಗಳಿಗೆ ತೊಂದರೆ ಕೊಡುವ ಬಸಿರಿನ ರೋಗ, ಬಂದಿತ್ತು. ಮಾತ್ರೆ ಮೂರು ಪಟ್ಟಾದರೂ ರಕ್ಷಣೆ ಹೆಚ್ಚಲಿಲ್ಲ.

ಅನ್ನ, ರಾಗಿಮುದ್ದೆ, ನುಗ್ಗೆಸೊಪ್ಪಿನ ಸಾರು ಹೊಟ್ಟೆ ತುಂಬಿಸಿ ಹಲವು ಸತ್ವಗಳನ್ನು ಕೊಟ್ಟರೂ ಬಿ12 ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿ ಮುಖ್ಯವಾಗಿ ದೊರೆಯುವುದರಿಂದ, ಇವುಗಳನ್ನು ಅಪರೂಪಕ್ಕೆ ಉಣ್ಣುವ ಮನೆಯ ಗರ್ಭಿಣಿಯು ಆ ಸಂಗತಿಯನ್ನು ವೈದ್ಯರಿಗೆ ತಿಳಿಸಿ, ಬಿ12 ಪರೀಕ್ಷೆ ಬೇಕೇ ಎಂದು ವಿಚಾರಿಸುವುದು ಒಳಿತು. ಎರಡನೆಯ ತ್ರೈಮಾಸಿಕದಿಂದ ದಿನವೂ ಕೊಡುವ, 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವಿರುವ ಮಾತ್ರೆಯನ್ನು 180 ದಿನ ತಪ್ಪದೆ ನುಂಗಬೇಕು. ಹೊಟ್ಟೆ ತೊಳಸಿದರೆ ಅದನ್ನು ಮೂಲೆಗಿಡದೆ ಆಶಾ ಕಾರ್ಯಕರ್ತೆಗೆ ಹೇಳಬೇಕು. ನೆರೆಮನೆಯವಳಿಗೆ ಬರೆದುಕೊಟ್ಟ ಟಾನಿಕ್ಕು ಅವಳ ರಕ್ತದ ಲೆಕ್ಕಕ್ಕೆ ಹೊಂದುವುದೇ ಹೊರತು ಮತ್ತೊಬ್ಬಳದಕ್ಕಲ್ಲ.